ಅಂಚುಪಟ್ಟಿಯ ಹಿಂದಿನ ನೀರು

ಹಾಯಿದೋಣಿಯ ಮೇಲಂಚಿಗೆ ಹೊರಗಿನಿಂದ ಉದ್ದಕ್ಕೂ ಕೂರಿಸಿದ ಪಟ್ಟಿಯನ್ನು ರಬ್ ರೈಲ್ ಅನ್ನುತ್ತಾರೆ. ಫೈಬರ್ ಕೆಲಸದವರಲ್ಲಿ ಬೀಡಿಂಗ್ ಅನ್ನುವವರೂ ಇದ್ದಾರೆ. ಇಲ್ಲಿ ಅಂಚುಪಟ್ಟಿ ಎಂದೇ ಕರೆಯೋಣ. ಧಕ್ಕೆಗೋ ಪಕ್ಕದ ದೋಣಿಗೋ ಉಜ್ಜಿದಾಗ ಪೆಟ್ಟು ತಿನ್ನುವುದು ಅದರ ಕೆಲಸ ಎಂಬುದು ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣದ ಇನ್ನೊಂದು ಕೆಲಸವನ್ನೂ ಅದು ಮಾಡುತ್ತದೆ. ಸಣ್ಣ ಫೈಬರ್ ದೋಣಿಯ ಒಡಲು ಒಂದು ಅಚ್ಚಿನಲ್ಲಿ, ಡೆಕ್ ಇನ್ನೊಂದು ಅಚ್ಚಿನಲ್ಲಿ ತಯಾರಾಗಿ, ಡಬ್ಬಕ್ಕೆ ಮುಚ್ಚಳ ಕೂತ ಹಾಗೆ ಒಂದರ ಮೇಲೊಂದು ಕೂರುತ್ತವೆ. ಆ ಎರಡರ ಸಂದು ಇರುವುದು ಈ ಪಟ್ಟಿಯ ಹಿಂದೆ. ಪಟ್ಟಿ ಕೆಟ್ಟರೆ ನೀರು ಸಂದಿಗೆ ಇಳಿಯುತ್ತದೆ, ಸಂದಿನಿಂದ ತೇಲುತೊಟ್ಟಿಯ, ಅಂದರೆ ದೋಣಿ ಮುಳುಗದಂತೆ ಕಾಯುವ ಗಾಳಿಗೂಡಿನ, ಒಳಗೆ ಹೋಗುತ್ತದೆ.

ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಓಡಿಸುವ 14 ಅಡಿಯ ಫೈಬರ್ ಹಾಯಿದೋಣಿಯೊಂದರ ಎರಡೂ ಬದಿಯ ಪಟ್ಟಿಯನ್ನು ನಾವು ಪೂರ್ತಿ ಬದಲಿಸಿದೆವು. ಕಾಸರಗೋಡಿನ ಕರಾವಳಿಯಲ್ಲಿ ಫೈಬರ್ ದೋಣಿಗೆ ಕೊರತೆಯಿಲ್ಲ, ಆದರೆ ಹಾಯಿದೋಣಿ ಅಪರೂಪ. ಅದಕ್ಕೆ ಬೇಕಾದ ಭಾಗಗಳು ಸಿದ್ಧವಾಗಿ ಸಿಗುವ ಅಂಗಡಿ ಹತ್ತಿರದಲ್ಲಿಲ್ಲ. ಮರದ ಮಿಲ್ಲು, ಫೈಬರ್ ಸಾಮಾನಿನ ಅಂಗಡಿ, ಮಂಗಳೂರು ಬಂದರಿನ ಹಾರ್ಡ್‌ವೇರ್ ಅಂಗಡಿ, ಈ ಮೂರು ಕಡೆ ಸಿಗುವುದರಲ್ಲೇ ಕೆಲಸ ಮುಗಿಸಬೇಕು. ಹಾಗೆ ಮುಗಿಸಬಹುದು ಕೂಡ.

ಹಳೆಯ ಪಟ್ಟಿ ಕೆಟ್ಟಿದೆಯೇ ಎಂದು ತಿಳಿಯಲು ಅದನ್ನು ಕೀಳಬೇಕಾಗಿಲ್ಲ. ಸ್ಕ್ರೂಗಳ ಸುತ್ತ ಮರ ಕಪ್ಪಾಗಿದ್ದರೆ ಅದು ಮೊದಲ ಸೂಚನೆ. ಚೂಪಾದ ದಬ್ಬಣವನ್ನು ಪಟ್ಟಿಯ ಕೆಳಅಂಚಿನಲ್ಲಿ ಒತ್ತಿ ನೋಡಿ. ಗಟ್ಟಿ ಮರದಲ್ಲಿ ಮೊನೆ ನಿಲ್ಲುತ್ತದೆ, ಕೊಳೆತದ್ದರಲ್ಲಿ ಬೆಲ್ಲಕ್ಕೆ ಹೊಕ್ಕ ಹಾಗೆ ಹೋಗುತ್ತದೆ. ಮೇಲಂಚು ಬಿಸಿಲಿಗೆ ಒಣಗಿ ಚೆನ್ನಾಗಿಯೇ ಕಾಣುತ್ತಿರುತ್ತದೆ, ಆದ್ದರಿಂದ ಕೆಳಅಂಚನ್ನೇ ಪರೀಕ್ಷಿಸಬೇಕು. ನಮ್ಮ ದೋಣಿಯಲ್ಲಿ ಮೂತಿಯಿಂದ ಎರಡು ಅಡಿಯವರೆಗೆ ಮತ್ತು ಹಿಂತುದಿಯ ಒಂದು ಗೇಣು ಪೂರ್ತಿ ಕೊಳೆತಿತ್ತು, ನಡುವೆ ಅಲ್ಲಲ್ಲಿ ಮಾತ್ರ. ಕೊಳೆಯುವ ಕ್ರಮವೇ ಹೀಗೆ. ಪಟ್ಟಿಯ ತುದಿಯಲ್ಲಿ ಮರದ ಎಳೆಗಳ ಬಾಯಿ ತೆರೆದಿರುತ್ತದೆ, ಅಲ್ಲಿಂದ ನೀರು ಎಳೆಯುದ್ದಕ್ಕೂ ಒಳಗೆ ಹೀರಿಕೊಳ್ಳುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯಿದೆ. ಮರ ಕೆಟ್ಟಿದ್ದು ಉಪ್ಪುನೀರಿನಿಂದ ಎನ್ನುವವರೇ ಹೆಚ್ಚು. ಉಪ್ಪುನೀರಿನಲ್ಲಿ ಮರ ಕೊರೆಯುವ ಹಡಗುಹುಳು ತಿನ್ನುವುದು ನೀರಿನಡಿಯಲ್ಲಿ ಸದಾ ಮುಳುಗಿರುವ ಮರವನ್ನು. ನೀರಿನ ಮಟ್ಟಕ್ಕಿಂತ ಒಂದೂವರೆ ಅಡಿ ಮೇಲಿರುವ ಅಂಚುಪಟ್ಟಿಗೆ ಅದರ ಕಾಟವಿಲ್ಲ. ಅದನ್ನು ಕೊಳೆಸುವುದು ಮಳೆಯ ಸಿಹಿನೀರು. ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ, ಸಿಹಿನೀರು ಬೆಳೆಸುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ನಾಡಿನಲ್ಲಿ ದಡಕ್ಕೆಳೆದು ನಾಲ್ಕು ತಿಂಗಳು ಬಿಟ್ಟ ದೋಣಿಯ ಪಟ್ಟಿ, ದಿನಾ ಸಮುದ್ರಕ್ಕಿಳಿಯುವ ದೋಣಿಯದಕ್ಕಿಂತ ಬೇಗ ಹಾಳಾಗುತ್ತದೆ. ಮುಂದೆ ಹೇಳುವ ಸ್ಕ್ರೂ, ಸಂದು ಮುಚ್ಚುವ ಸೀಲೆಂಟ್, ಬಿರಡೆ, ತುದಿಯ ಲೇಪ ಎಲ್ಲವೂ ಈ ಸಿಹಿನೀರು ಹಿಂದೆ ನಿಲ್ಲದಂತೆ ಮಾಡುವ ಉಪಾಯಗಳೇ.

ಕೆಲಸದ ಕಾಲದ ಬಗ್ಗೆ ಮೊದಲೇ ಹೇಳಬೇಕು. ಕೇರಳದಲ್ಲಿ ಜೂನ್-ಜುಲೈ ತಿಂಗಳ 52 ದಿನ ಟ್ರಾಲಿಂಗ್ ನಿಷೇಧ. ದೋಣಿ-ಬೋಟುಗಳ ರಿಪೇರಿ ನಡೆಯುವುದೂ ಆಗಲೇ. ಬಲೆ ಹೊಲಿಯಲು, ಇಂಜಿನ್ ಬಿಚ್ಚಲು ಆ ಕಾಲ ಸರಿ. ರೆಸಿನ್ ಮತ್ತು ಹಾರ್ಡ್‌ನರ್ ಬೆರೆಸಿ ಗಟ್ಟಿಯಾಗಿಸುವ ಎಪಾಕ್ಸಿ ಅಂಟಿಗೂ ಮರಕ್ಕೂ ಅದಕ್ಕಿಂತ ಕೆಟ್ಟ ಕಾಲವಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಎಪಾಕ್ಸಿಯ ಮೇಲೆ ಮೇಣದಂತಹ ಅಂಟುಪೊರೆ ಏಳುತ್ತದೆ. ಅದರ ಮೇಲೆ ಬಳಿದ ವಾರ್ನಿಷ್ ನಿಲ್ಲುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ ಕೊಯ್ದು ತಂದ ಮರ ಮಳೆ ನಿಲ್ಲುವವರೆಗೆ ಸರಿಯಾಗಿ ಒಣಗುವುದಿಲ್ಲ. ತುಲಾಮಾಸದ ಗುಡುಗುಮಳೆ ಮುಗಿದ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯ ಒಳಗೆ ಮಾಡುವುದು ಉತ್ತಮ. ನಾವು ಆರಿಸಿಕೊಂಡದ್ದು ಜನವರಿ.

ಬಿಚ್ಚುವ ಕೆಲಸಕ್ಕೆ ಹಾಕುವ ಕೆಲಸದಷ್ಟೇ ಹೊತ್ತು ಹಿಡಿಯುತ್ತದೆ. ಮೊದಲು ಹಾಯಿ ಕಟ್ಟುವ ಕೂವೆಮರವನ್ನು ಇಳಿಸಬೇಕು. ಕೂವೆಯನ್ನು ಎರಡು ಬದಿಯಿಂದ ಬಿಗಿದಿಡುವ ತಂತಿಗಳ ಬುಡದ ಉಕ್ಕಿನ ಪಟ್ಟಿ ಅನೇಕ ದೋಣಿಗಳಲ್ಲಿ ಅಂಚುಪಟ್ಟಿಯ ಮೇಲೆಯೇ ಹಾದಿರುತ್ತದೆ. ಕೂವೆ ನಿಂತಿರುವಾಗ ಅದನ್ನು ಬಿಚ್ಚಿದರೆ ಕೂವೆ ಬೀಳುತ್ತದೆ. ಆಮೇಲೆ ಸ್ಕ್ರೂ ಹುಡುಕಬೇಕು. ಅವುಗಳ ತಲೆಯ ಮೇಲೆ ಮರದ ಬಿರಡೆ ಬಡಿದಿರುತ್ತಾರೆ ಅಥವಾ ಪುಟ್ಟಿ ತುಂಬಿರುತ್ತಾರೆ. ಹಳೆಯ ಉಳಿಯಿಂದ ಬಿರಡೆಯನ್ನು ನಡುವೆ ಸೀಳಿ, ಅಂಚಿಗೆ ಪೆಟ್ಟಾಗದಂತೆ ಕೆದಕಿ ತೆಗೆಯಿರಿ. ಸ್ಕ್ರೂ ತಲೆಯ ಗೀರನ್ನು ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಚೊಕ್ಕ ಮಾಡದೆ ಸ್ಕ್ರೂಡ್ರೈವರ್ ಇಡಬೇಡಿ. ಒಮ್ಮೆ ಜಾರಿದರೆ ಗೀರು ಸವೆದು ಮುಂದಿನ ದಾರಿ ಮುಚ್ಚುತ್ತದೆ. ತಿರುಗದ ಸ್ಕ್ರೂವಿನ ತಲೆಗೆ ಬಿಸಿ ಸೋಲ್ಡರಿಂಗ್ ಐರನ್ನನ್ನು ಒಂದೆರಡು ನಿಮಿಷ ಒತ್ತಿಹಿಡಿದರೆ ಒಳಗಿನ ಅಂಟು ಸಡಿಲಾಗುತ್ತದೆ. ಬಿಸಿ ಇರುವಾಗಲೇ ಮೊದಲು ಸ್ವಲ್ಪ ಬಿಗಿಗೊಳಿಸುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಅದಕ್ಕೂ ಜಗ್ಗದವುಗಳ ತಲೆಯನ್ನು ಡ್ರಿಲ್ಲಿನಿಂದ ಕೊರೆದು ಹಾರಿಸಿ ಪಟ್ಟಿಯನ್ನು ಎಳೆದು ತೆಗೆದರೆ, ಹೊರಗುಳಿದ ಮೋಟನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಬಹುದು.

ಈ ದೋಣಿಯ ಒಂದು ಬದಿಯಲ್ಲಿ ಹಿತ್ತಾಳೆ ಸ್ಕ್ರೂ ಇತ್ತು. ಅರ್ಧಕ್ಕರ್ಧ ಕೈಯಲ್ಲೇ ತುಂಡಾದವು. ತುಂಡಾದ ಜಾಗ ಹಳದಿಯಾಗಿರದೆ ತಾಮ್ರದಂತೆ ಕೆಂಪಗಿದ್ದರೆ ಕಾರಣ ಸ್ಪಷ್ಟ: ಹಿತ್ತಾಳೆ ತಾಮ್ರ-ಸತುವಿನ ಮಿಶ್ರಣ, ಉಪ್ಪುನೀರು ಅದರಿಂದ ಸತುವನ್ನು ಕಸಿದುಕೊಂಡು ತೂತುತೂತಾದ ತಾಮ್ರವನ್ನು ಮಾತ್ರ ಉಳಿಸುತ್ತದೆ. ನೋಡಲು ಸ್ಕ್ರೂ ಇಡಿಯಾಗಿಯೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ಮನೆಯ ಬಾಗಿಲಿಗೆ ಹಿತ್ತಾಳೆ ಸರಿ, ದೋಣಿಗೆ ಬೇಡ.

ಹಳೆಯ ಪಟ್ಟಿಯನ್ನು ತುಂಡುತುಂಡಾಗಿ ಬಂದರೂ ಎಸೆಯಬಾರದು. ಅಗಲ, ದಪ್ಪ, ಮೂತಿಯ ಹತ್ತಿರ ಕೊಯ್ದ ಓರೆ, ಎಲ್ಲಕ್ಕೂ ಅದೇ ಮಾದರಿ. ಬಿಚ್ಚುವ ಮೊದಲೇ ಅದರ ಮೇಲಂಚು-ಕೆಳಅಂಚಿನ ಗುಂಟ ದೋಣಿಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿಟ್ಟುಕೊಂಡರೆ ಹೊಸದು ಎಲ್ಲಿ ಕೂರಬೇಕೆಂಬ ಗೆರೆ ಉಳಿಯುತ್ತದೆ.

ಪಟ್ಟಿ ಹೋದ ಮೇಲೆ ದೋಣಿಯ ನಿಜವಾದ ಸ್ಥಿತಿ ಕಾಣುತ್ತದೆ. ಒಂದು ರೂಪಾಯಿಯ ನಾಣ್ಯದಿಂದ ಅಂಚಿನುದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಎಂದು ಕೇಳಿದರೆ ಸರಿ, ಡಬ್ ಎಂದರೆ ಫೈಬರ್ ಪದರಗಳು ಬಿಟ್ಟುಕೊಂಡಿವೆ. ಅಂಥ ಮೂರು ಜಾಗ ಸಿಕ್ಕವು, ಮೂರೂ ಹಳೆಯ ಸ್ಕ್ರೂ ತೂತುಗಳ ಸುತ್ತ. ಬಿಟ್ಟುಕೊಂಡ ಪದರವನ್ನು ಗ್ರೈಂಡರಿನಿಂದ ತೆಗೆದು, ಅಂಚನ್ನು ಇಳಿಜಾರಾಗಿ ಸವರಿ, ಮೂರು ಪದರ ಗಾಜಿನ ಬಟ್ಟೆ ಹಾಕಿ ಎಪಾಕ್ಸಿಯಲ್ಲಿ ಅಂಟಿಸಿದೆವು. ಇಲ್ಲಿ ಒಂದು ಎಚ್ಚರಿಕೆ ಬೇಕು. ಫೈಬರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಮ್ಯಾಟ್, ಅಂದರೆ ತುಂಡು ಎಳೆಗಳನ್ನು ಅಂಟು ಹಾಕಿ ಹಾಳೆ ಮಾಡಿದ್ದು. ಆ ಅಂಟು ಕರಗುವುದು ಪಾಲಿಯೆಸ್ಟರ್ ರೆಸಿನ್ನಿನೊಳಗಿನ ಸ್ಟೈರೀನ್ ಎಂಬ ದ್ರವದಲ್ಲಿ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಮ್ಯಾಟ್ ಸರಿಯಾಗಿ ನೆನೆಯದೆ ಬಿಳಿಬಿಳಿಯಾಗಿ ಉಳಿಯುತ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆಯೇ ಬೇಕು.

ಎಪಾಕ್ಸಿಯೇ ಏಕೆ, ದೋಣಿ ಮಾಡಿದ ಪಾಲಿಯೆಸ್ಟರ್ ರೆಸಿನ್ ಸಾಲದೇ ಎಂದು ಅಂಗಡಿಯವರು ಕೇಳುತ್ತಾರೆ. ಹೊಸ ದೋಣಿಯನ್ನು ಅಚ್ಚಿನಲ್ಲಿ ಹೊಯ್ಯಲು ಪಾಲಿಯೆಸ್ಟರ್ ಸಾಕು. ಗಟ್ಟಿಯಾದ ಹಳೆಯ ಫೈಬರಿಗೂ ಮರಕ್ಕೂ ಹಿಡಿಯುವ ಬಲ ಎಪಾಕ್ಸಿಗೇ ಹೆಚ್ಚು. ಪಾಲಿಯೆಸ್ಟರ್ ಬಳಸಲೇಬೇಕಾದವರಿಗೆ ಜೀವದ ಮಾತೊಂದು: ಅದರ ಜೊತೆ ಕೊಡುವ ಕ್ಯಾಟಲಿಸ್ಟ್ ಮತ್ತು ಕೋಬಾಲ್ಟ್ ಆಕ್ಸಿಲರೇಟರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬಾರದು, ಬೆಂಕಿ ಹತ್ತಿ ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಮಾತ್ರ ಕ್ಯಾಟಲಿಸ್ಟ್. ಎರಡರ ಬಾಟಲಿಗಳನ್ನು ಒಂದೇ ಚೀಲದಲ್ಲಿ ತರುವುದೂ ಬೇಡ.

ಎಪಾಕ್ಸಿಯ ಲೆಕ್ಕ ಬೇರೆ. ಹಾರ್ಡ್‌ನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಎಂದೂ ಸರಿಯಾಗಿ ಗಟ್ಟಿಯಾಗದೆ ರಬ್ಬರಿನಂತೆ ಉಳಿಯುತ್ತದೆ. ಡಬ್ಬದ ಮೇಲಿನ ಪ್ರಮಾಣ ತೂಕದ್ದೋ ಅಳತೆಯದ್ದೋ ಎಂದು ಓದಿಕೊಳ್ಳಬೇಕು, ಎರಡೂ ಒಂದಲ್ಲ. ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಒಮ್ಮೆಗೆ 100 ಗ್ರಾಮಿಗಿಂತ ಹೆಚ್ಚು ಕಲಸಲಿಲ್ಲ. ನಮ್ಮ ಜನವರಿಯ ಮಧ್ಯಾಹ್ನವೂ 32-33 ಡಿಗ್ರಿ ಇರುತ್ತದೆ. ಆಳವಾದ ಲೋಟದಲ್ಲಿ ಬಿಟ್ಟರೆ ತನ್ನ ಬಿಸಿಗೆ ತಾನೇ ಕುದಿದು ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಸುರಿದು ತೆಳ್ಳಗೆ ಹರಡಿದರೆ ಕೈಗೆ ಹೊತ್ತು ಸಿಗುತ್ತದೆ.

ಹಳೆಯ ಸ್ಕ್ರೂ ತೂತುಗಳಲ್ಲೇ ಮತ್ತೆ ಸ್ಕ್ರೂ ಹಾಕಬಾರದು. ಅವು ಸವೆದು ಹಿಡಿತ ಕಳೆದುಕೊಂಡಿರುತ್ತವೆ. ಪ್ರತಿಯೊಂದನ್ನೂ 8 ಮಿ.ಮೀ. ಡ್ರಿಲ್ಲಿನಿಂದ ಅಗಲಿಸಿ, ಒಳಗೆ ಕೈ ಹೋಗುವ ಕಡೆ ಹಿಂದಿನಿಂದ ಟೇಪ್ ಅಂಟಿಸಿ, ಏರೋಸಿಲ್ ಎಂಬ ನವಿರಾದ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಸೂಜಿ ತೆಗೆದ ಸಿರಿಂಜಿನಿಂದ ತುಂಬಿದೆವು. ಏರೋಸಿಲ್ ಗಾಳಿಗಿಂತ ಹಗುರವೇನೋ ಎನ್ನುವ ಹಾಗೆ ಹಾರುತ್ತದೆ, ಮಾಸ್ಕ್ ಇಲ್ಲದೆ ಡಬ್ಬ ತೆರೆಯಬೇಡಿ. ಎರಡು ಬದಿ ಸೇರಿ 62 ತೂತು, ಅಷ್ಟಕ್ಕೂ ಬೇಕಾದದ್ದು 25 ಮಿ.ಲೀ. ಮಾತ್ರ. ಇಷ್ಟು ಕಡಿಮೆ ಖರ್ಚಿನ ಈ ಹಂತವನ್ನೇ ಜನ ಬಿಟ್ಟುಬಿಡುತ್ತಾರೆ. ಬಿಟ್ಟ ಪ್ರತಿ ತೂತೂ ಪಟ್ಟಿಯ ಹಿಂದಿನಿಂದ ದೋಣಿಯೊಳಕ್ಕೆ ನೀರಿಗೆ ತೆರೆದ ಬಾಗಿಲು.

ಅಂಚನ್ನು ಉಜ್ಜುವ ಮೊದಲು ಅಸಿಟೋನಿನಿಂದ ಒರೆಸಬೇಕು. ಉಜ್ಜಿದ ಮೇಲೆ ಒರೆಸುತ್ತೇನೆ ಎಂದರೆ ತಡವಾಯಿತು, ಹಳೆಯ ಮೇಣ, ಸಿಲಿಕಾನ್ ಎಲ್ಲ ಸ್ಯಾಂಡ್‌ಪೇಪರಿನ ಗೀರುಗಳೊಳಗೆ ಮೆತ್ತಿಕೊಂಡಿರುತ್ತವೆ. ಹಿಂದೆ ಯಾರೋ ಬಚ್ಚಲುಮನೆಗೆ ಹಾಕುವ ಸಿಲಿಕಾನ್ ಹಾಕಿದ್ದರೆ ಕೆಲಸ ಇಮ್ಮಡಿ. ಅದರ ತೆಳು ಪೊರೆ ಉಳಿದರೂ ಎಪಾಕ್ಸಿ, ಬಣ್ಣ, ಹೊಸ ಸೀಲೆಂಟ್ ಯಾವುದೂ ಹಿಡಿಯುವುದಿಲ್ಲ. ಬ್ಲೇಡಿನಿಂದ ಹೆರೆದು, ಅಸಿಟೋನಿನಲ್ಲಿ ಒರೆಸಿ, ಪ್ರತಿ ಸಲ ಬಟ್ಟೆ ಬದಲಿಸಿ, ಕೊನೆಗೆ 80 ನಂಬರಿನ ಸ್ಯಾಂಡ್‌ಪೇಪರ್. ನೀರು ಚಿಮುಕಿಸಿ ನೋಡಿದಾಗ ಹನಿಹನಿಯಾಗಿ ನಿಲ್ಲದೆ ಪೊರೆಯಾಗಿ ಹರಡಿದರೆ ಮೈ ಚೊಕ್ಕವಾಗಿದೆ ಎಂದರ್ಥ. ಫೈಬರ್ ಧೂಳಿಗೆ ತುಂಬುತೋಳಿನ ಅಂಗಿ, ಎನ್95 ಮಾಸ್ಕ್, ಕನ್ನಡಕ ಬೇಕೇ ಬೇಕು. ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲೇ ಸ್ನಾನ.

ಇನ್ನು ಮರ. ಕಡಲಿನ ದೋಣಿಗೆ ಈ ಕಡೆ ಹಿಂದಿನಿಂದ ಬಳಸಿದ ಮರ ಹೆಬ್ಬಲಸು. ಮಲಯಾಳದಲ್ಲಿ ಅದಕ್ಕೆ ಆಂಜಿಲಿ, ಅಯಿನಿ ಎಂಬ ಹೆಸರುಗಳಿವೆ. ನೀರಿಗೆ ಬಾಳುತ್ತದೆ, ಬಾಗುತ್ತದೆ, ಸಾಗುವಾನಿಗಿಂತ ಅಗ್ಗ. ಸಾಗುವಾನಿ ಇನ್ನೂ ಬಾಳಿಕೆಯದು, ಆದರೆ ಅದರೊಳಗಿನ ಎಣ್ಣೆಯಂಶ ಎಪಾಕ್ಸಿಗೆ ಅಡ್ಡಿ, ಅಂಟಿಸುವ ತುಸು ಮೊದಲು ಅಸಿಟೋನಿನಿಂದ ಒರೆಸಲೇಬೇಕು. ಕಿರಾಲ್‌ಬೋಗಿ ಬಲು ಗಟ್ಟಿ, ಬಲು ಭಾರ, ಈ ಬಾಗಿಗೆ ಒಗ್ಗುವುದಿಲ್ಲ. ನಮ್ಮ ಆಯ್ಕೆ ಹೆಬ್ಬಲಸು. 32 ಮಿ.ಮೀ. ಎತ್ತರ, 20 ಮಿ.ಮೀ. ದಪ್ಪದ ಪಟ್ಟಿ ಒಂದು ಬದಿಗೆ ಎರಡು ಕಿಲೋದೊಳಗೆ ಬರುತ್ತದೆ. ಮೀನುಗಾರಿಕೆಯ ದೋಣಿಗೆ ಕಟ್ಟುವ ಹಳೆಯ ಟಯರು, ದಪ್ಪ ಹಗ್ಗ ಪೆಟ್ಟಿಗೇನೋ ಒಳ್ಳೆಯವು, ಹಾಯಿದೋಣಿಗೆ ಅವುಗಳ ಭಾರವೂ ನೀರಿನ ಎಳೆತವೂ ತಡೆಯಲಾಗದ್ದು. ಡಿ ಆಕಾರದ ರಬ್ಬರ್ ಪಟ್ಟಿ ನಮ್ಮ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಅಂಟಂಟಾಗಿ ಬಿಳಿ ದೋಣಿಗೆ ಕರಿ ಬಳಿಯುತ್ತದೆ. ಹಾಕುವಾಗ ಎಳೆದು ಹಾಕಿದರೆ ಮುಂದೆ ಕುಗ್ಗಿ ತುದಿಯಲ್ಲಿ ಸಂದು ಬಿಡುತ್ತದೆ.

ಮಿಲ್ಲಿನಲ್ಲಿ ಹಲಗೆ ನೋಡುವಾಗ ಬಣ್ಣಕ್ಕಿಂತ ಎಳೆ ಮುಖ್ಯ. ಬಿಳಿ ಭಾಗ ಬೇಡ, ಚೇಗು ಮಾತ್ರ ಇರಬೇಕು. ಹಲಗೆಯ ಬದಿಯಿಂದ ನೋಡಿದಾಗ ಎಳೆಗಳು ಈ ತುದಿಯಿಂದ ಆ ತುದಿಗೆ ಅಂಚಿನ ಜೊತೆಯಲ್ಲೇ ಸಾಗಬೇಕು. ನಡುವೆ ಓರೆಯಾಗಿ ಅಂಚಿನಿಂದ ಹೊರಬಿದ್ದರೆ ಬಾಗಿಸುವಾಗ ಸರಿಯಾಗಿ ಅಲ್ಲೇ ಸೀಳುತ್ತದೆ. ಗಂಟಿರುವುದಂತೂ ಬೇಡವೇ ಬೇಡ.

ದೋಣಿ 14 ಅಡಿ ಎಂದರೆ 4.27 ಮೀಟರ್. ಅಂಚಿನ ಬಾಗಿನ ಗುಂಟ ದಾರ ಹಿಡಿದು ಅಳೆದಾಗ ಸಿಕ್ಕಿದ್ದು 4.45 ಮೀಟರ್. ಅಷ್ಟುದ್ದದ, ಒಂದೇ ನೇರದ ಎಳೆಯ ಹಲಗೆ ಸಿಗುವುದು ಅದೃಷ್ಟ. ಒಂದು ಬದಿಗೆ 10 ಅಡಿಯದೊಂದು, 6 ಅಡಿಯದೊಂದು ಕೊಯ್ಸಿ ಓರೆ ಜೋಡಣೆ ಮಾಡಿದೆವು, ಅಂದರೆ ಎರಡರ ತುದಿಯನ್ನೂ ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಿ ಅಂಟಿಸಿದೆವು. ಓರೆಯ ಉದ್ದ ದಪ್ಪದ ಎಂಟು ಪಟ್ಟು ಇರಬೇಕು, 20 ಮಿ.ಮೀ. ದಪ್ಪಕ್ಕೆ 160 ಮಿ.ಮೀ. ಎರಡೂ ಸೇರಿ 4.88 ಮೀಟರ್, ಜೋಡಣೆಗೆ 16 ಸೆಂ.ಮೀ. ಕಳೆದರೆ 4.72. ತುದಿ ಕತ್ತರಿಸಲು ಒಂದು ಗೇಣಿಗಿಂತ ತುಸು ಹೆಚ್ಚೇ ಉಳಿಯುತ್ತದೆ. 10 ಅಡಿಯ ತುಂಡನ್ನು ಮೂತಿಯ ಕಡೆಗೆ ಇಟ್ಟರೆ ಜೋಡಣೆ ಬಾಗಿರುವ ಭಾಗದಿಂದ ದೂರ, ಹಿಂದಿನ ನೇರ ಭಾಗದಲ್ಲಿ ಬರುತ್ತದೆ. ಹೊರಮುಖದಲ್ಲಿ ಕಾಣುವ ಓರೆಯ ತೆಳು ಅಂಚು ಹಿಂದಕ್ಕೆ ಮುಖ ಮಾಡಿರಬೇಕು. ಮುಂದಕ್ಕಿದ್ದರೆ ಧಕ್ಕೆಗೆ ಉಜ್ಜಿದಾಗೆಲ್ಲ ಸಿಬಿರೇಳುತ್ತದೆ. 10 ಅಡಿಯ ಒಂದು ತುಂಡನ್ನು ಹೆಚ್ಚುವರಿ ತಂದದ್ದು ಮುಂದೆ ಉಪಯೋಗಕ್ಕೆ ಬಂತು.

ಯಾವುದು ಮೊದಲು, ಜೋಡಣೆಯೋ ಬಾಗಿಸುವುದೋ? ಮೇಜಿನ ಮೇಲೆ ಉದ್ದಕ್ಕೆ ಜೋಡಿಸಿಕೊಂಡು ಆಮೇಲೆ ಬಾಗಿಸುವುದು ಸುಲಭವೆಂದು ತೋರುತ್ತದೆ. ಹಾಗೆ ಮಾಡಿ ಆವಿಗೆ ಇಟ್ಟರೆ ಎಪಾಕ್ಸಿ ಮೆತ್ತಗಾಗಿ ಜೋಡಣೆ ಬಿಟ್ಟುಕೊಳ್ಳುತ್ತದೆ. ಸಾಮಾನ್ಯ ಎಪಾಕ್ಸಿ ಕುದಿನೀರಿನ ಬಿಸಿಯನ್ನು ತಾಳುವುದಿಲ್ಲ. ಆದ್ದರಿಂದ ಮೊದಲು ಮುಂದಿನ ತುಂಡನ್ನು ಆವಿಯಲ್ಲಿ ಬಾಗಿಸಿ, ಒಣಗಿಸಿ, ಆಮೇಲೆ ಹಿಂದಿನ ತುಂಡನ್ನು ಅಂಟಿಸಬೇಕು.

ಆವಿ ಕೊಡಬೇಕಾದದ್ದು ಮೂತಿಯ ಕಡೆಯ ಐದು ಅಡಿಗೆ ಮಾತ್ರ. ಆರು ಅಡಿಯ 110 ಮಿ.ಮೀ. ಪಿವಿಸಿ ಪೈಪು ಸಾಕು. ಬಿಸಿಗೆ ಪೈಪು ಜೋತುಬೀಳುತ್ತದೆ, ಉದ್ದಕ್ಕೂ ಹಲಗೆಯ ಆಧಾರ ಕೊಟ್ಟು ಒಂದು ತುದಿಯನ್ನು ತುಸು ತಗ್ಗಿಸಿ ಇಡಬೇಕು, ತಣ್ಣಗಾದ ನೀರು ಹೊರಗಿಳಿಯಲಿ. ಒಲೆಯ ಮೇಲೆ ಮುಚ್ಚಳವಿರುವ ದೊಡ್ಡ ತಗಡಿನ ಡಬ್ಬ, ಅದರಿಂದ ಪೈಪಿಗೆ ದಪ್ಪ ನಳಿಗೆ. ಪೈಪಿನ ಬಾಯಿಯನ್ನು ಗೋಣಿತುಂಡಿನಿಂದ ಸಡಿಲವಾಗಿ ಮುಚ್ಚಬೇಕು. ಬಿಗಿಯಾಗಿ ಮುಚ್ಚಿದರೆ ಆವಿ ಸಿಡಿದು ಮೈ ಸುಡುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ಗಂಟೆ ಎಂಬುದು ಲೆಕ್ಕ, 20 ಮಿ.ಮೀ. ಮರಕ್ಕೆ 45ರಿಂದ 50 ನಿಮಿಷ. ಗಡಿಯಾರ ನೋಡಲು ಶುರುಮಾಡಬೇಕಾದ್ದು ಒಲೆ ಹೊತ್ತಿಸಿದಾಗ ಅಲ್ಲ, ಪೈಪಿನ ಆಚೆ ತುದಿಯಿಂದ ಆವಿ ಧಾರಾಳವಾಗಿ ಬರತೊಡಗಿದಾಗ. ಹೆಚ್ಚು ಹೊತ್ತು ಇಟ್ಟರೆ ಇನ್ನೂ ಮೆದುವಾಗುವುದಿಲ್ಲ, ಬಿರುಸಾಗಿ ಮುರಿಯುತ್ತದೆ. ಗೂಡಿನಲ್ಲಿ ಬಿಸಿಗಾಳಿಗೆ ಪೂರ್ತಿ ಒಣಗಿಸಿದ ಮರ ಆವಿಗೆ ಸರಿಯಾಗಿ ಒಲಿಯುವುದಿಲ್ಲ, ನೆರಳಿನಲ್ಲಿ ಒಣಗಿಸಿದ್ದೇ ಬೇಕು.

ಹೊರತೆಗೆದ ಮೇಲೆ ಕೈಯಲ್ಲಿರುವುದು ಒಂದು ನಿಮಿಷವೆಂದು ತಿಳಿಯಿರಿ. ಮೊದಲೇ ಎಲ್ಲ ಹಿಡಿಕೆಗಳ (ಕ್ಲ್ಯಾಂಪ್) ಬಾಯನ್ನು ಬೇಕಾದಷ್ಟು ತೆರೆದು ಅವುಗಳ ಜಾಗದಲ್ಲಿ ನೇತುಹಾಕಿ, ಒಣಗಿದ ತುಂಡೊಂದನ್ನು ಹಿಡಿದು ಯಾರು ಎಲ್ಲಿ ನಿಲ್ಲುವುದೆಂದು ಒಮ್ಮೆ ಅಭ್ಯಾಸ ಮಾಡಬೇಕು. ಮೂರು ಜನ ಬೇಕು. ಒಬ್ಬರು ಮೂತಿಯಲ್ಲಿ ಒತ್ತಿ ಹಿಡಿಕೆ ಹಾಕುತ್ತಾರೆ, ಇನ್ನೊಬ್ಬರು ಹಿಂತುದಿಯನ್ನು ಹಿಡಿದು ಉದ್ದನೆಯ ಸನ್ನೆಗೋಲಿನಂತೆ ನಿಧಾನವಾಗಿ ಒಳಗೆ ತರುತ್ತಾರೆ, ಮೂರನೆಯವರು ಹಿಂದಿನಿಂದ ಹಿಡಿಕೆ ಬಿಗಿಯುತ್ತಾ ಬರುತ್ತಾರೆ. ಕೈಗೆ ದಪ್ಪ ತೊಗಲಿನ ಗವಸು. ಕಬ್ಬಿಣದ ಹಿಡಿಕೆಗೂ ಒದ್ದೆ ಮರಕ್ಕೂ ನಡುವೆ ಪ್ಲಾಸ್ಟಿಕ್ ತುಂಡು ಇಡದಿದ್ದರೆ ಮರದ ಒಗರು ಕಬ್ಬಿಣದೊಂದಿಗೆ ಸೇರಿ ಮಸಿಯಂಥ ಕಲೆ ಉಳಿಯುತ್ತದೆ.

ಬಲಬದಿಯ ತುಂಡು ಚೆನ್ನಾಗಿ ಬಾಗಿತು. ಎಡಬದಿಯದು ಮೂತಿಯಿಂದ ಎರಡು ಅಡಿಯಲ್ಲಿ ಹೊರಮುಖದಿಂದ ಸೀಳಿತು. ಸೀಳಿದ ಜಾಗದಲ್ಲಿ ಎಳೆ ಓರೆಯಾಗಿ ಅಂಚಿಗೆ ಬಂದಿದ್ದದ್ದು ಸ್ಪಷ್ಟವಾಗಿ ಕಂಡಿತು. ಹೆಚ್ಚುವರಿ ತುಂಡನ್ನು ತೆಗೆದುಕೊಂಡು ಈ ಸಲ ದಾರಿ ಬದಲಿಸಿ, ಗರಗಸದ ದಾರಿಗೆ ಹೋಗುವಷ್ಟು ದಪ್ಪ ಹೆಚ್ಚಿಗೆ ಇಟ್ಟು ಉದ್ದಕ್ಕೆ ಎರಡಾಗಿ ಸೀಳಿಸಿ 10 ಮಿ.ಮೀ.ಯ ಎರಡು ಪದರ ಮಾಡಿದೆವು. ಮರದ ಬಿರುಸು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಅರ್ಧವಾದರೆ ಬಾಗಿಸಲು ಬೇಕಾದ ಬಲ ಎಂಟನೇ ಒಂದು ಪಾಲು. ಎರಡು ಪದರವೂ ಆವಿಯಿಲ್ಲದೆ ಕೈಯಲ್ಲೇ ಬಾಗಿದವು. ನಡುವೆ ಎಪಾಕ್ಸಿ ಬಳಿದು, ದೋಣಿಯ ಅಂಚಿಗೆ ಪಾಲಿಥೀನ್ ಹಾಳೆ ಹೊದಿಸಿ, ಅದರ ಮೇಲೆಯೇ ಬಿಗಿದು ಒಂದು ದಿನ ಬಿಟ್ಟರೆ ದೋಣಿಯ ಆಕಾರಕ್ಕೇ ಗಟ್ಟಿಯಾಗುತ್ತದೆ. ಹೊಸದಾಗಿ ಮಾಡುವವರಿಗೆ ನಮ್ಮ ಸಲಹೆ ಇದೇ ದಾರಿ. ಆವಿಯ ಕೆಲಸದ ಅಂದ ಬೇರೆ, ಆದರೆ ಮರ ಸಿಗುವುದೇ ಕಷ್ಟವಾದಾಗ ಮುರಿಯುವ ಅಪಾಯ ಏಕೆ?

ಹಿಡಿಕೆ ಒಂದು ಗೇಣಿಗೊಂದರಂತೆ ಒಂದು ಬದಿಗೆ 20 ಬೇಕು. ಅಷ್ಟು ಸಿ-ಕ್ಲ್ಯಾಂಪ್ ಯಾರ ಬಳಿಯೂ ಇರುವುದಿಲ್ಲ. 110 ಮಿ.ಮೀ. ದಪ್ಪ ಪಿವಿಸಿ ಪೈಪನ್ನು ಎರಡು ಇಂಚಿನ ಬಳೆಗಳಾಗಿ ಕತ್ತರಿಸಿ, ಒಂದು ಕಡೆ ಸೀಳಿದರೆ ಒಳ್ಳೆಯ ಸ್ಪ್ರಿಂಗ್ ಹಿಡಿಕೆಯಾಗುತ್ತದೆ. ಬಾಗಿನಲ್ಲಿ ಮಾತ್ರ ನಿಜವಾದ ಕ್ಲ್ಯಾಂಪ್ ಬೇಕು.

ಆವಿಗಿಟ್ಟ ತುಂಡನ್ನು ಎರಡು ದಿನ ದೋಣಿಯ ಮೇಲೆ ಬಿಗಿದಿಟ್ಟು, ಬಿಚ್ಚಿ, ಒಂದು ವಾರ ನೆರಳಿನಲ್ಲಿ ಒಣಗಿಸಿದ ಮೇಲೆ ಓರೆ ಜೋಡಣೆ ಮಾಡಿದೆವು. ಎರಡೂ ಮುಖಕ್ಕೆ ಮೊದಲು ಬರೀ ಎಪಾಕ್ಸಿ ಬಳಿದು ಹತ್ತು ನಿಮಿಷ ಹೀರಲು ಬಿಡಿ. ಆಮೇಲೆ ಏರೋಸಿಲ್ ಬೆರೆಸಿ ಗಟ್ಟಿ ಚಟ್ನಿಯ ಹದಕ್ಕೆ ತಂದದ್ದನ್ನು ಹಚ್ಚಿ. ನೇರವಾಗಿ ಗಟ್ಟಿಯದನ್ನೇ ಹಚ್ಚಿದರೆ ಮರ ಅದರ ಎಪಾಕ್ಸಿಯನ್ನು ಹೀರಿ ಜೋಡಣೆ ಬರಡಾಗುತ್ತದೆ. ಬಲವಾಗಿ ಬಿಗಿದರೂ ಅದೇ ಫಲ, ಅಂಟೆಲ್ಲ ಹೊರಗೆ. ಒದ್ದೆ ಎಪಾಕ್ಸಿ ಎಣ್ಣೆಯಂತೆ ಜಾರಿಸುತ್ತದೆ, ಬಿಗಿಯುವಾಗ ಎರಡು ತುಂಡೂ ಉದ್ದಕ್ಕೆ ಸರಿದು ಜೋಡಣೆ ದಪ್ಪವಾಗುತ್ತದೆ. ತುದಿಯಲ್ಲಿ ಎರಡು ಸಣ್ಣ ಮೊಳೆ ಅರ್ಧ ಹೊಡೆದು ಸರಿಯದಂತೆ ನಿಲ್ಲಿಸಿ, ಗಟ್ಟಿಯಾದ ಮೇಲೆ ಕಿತ್ತುಬಿಡಿ.

ಕೀಸುಳಿ ಹಾಕಿ ಹೊರಮುಖವನ್ನು ಅರ್ಧಗೋಲವಾಗಿ ತಂದೆವು. ಮೂಲೆಗಳು ಚೂಪಾಗಿದ್ದರೆ ವಾರ್ನಿಷ್ ಅಲ್ಲಿ ನಿಲ್ಲದೆ ತೆಳುವಾಗುತ್ತದೆ. ಕೆಳಅಂಚನ್ನು ಓರೆಯಾಗಿ ಕೆತ್ತಲು ಮರೆಯಬಾರದು. ನೀರು ಹಿಂದಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ, ಭರತ ಇಳಿಯುವಾಗ ಧಕ್ಕೆಯ ಅಡ್ಡಮರದ ಮೇಲೆ ಪಟ್ಟಿ ಸಿಕ್ಕಿಕೊಂಡು ಕೀಳುವುದೂ ತಪ್ಪುತ್ತದೆ.

ಸ್ಕ್ರೂಗೆ ಎಸ್‌ಎಸ್ 316. ಇದು ಉಪ್ಪುನೀರಿಗೆ ಹೆಚ್ಚು ತಾಳುವ ಬಗೆಯ ಸ್ಟೇನ್‌ಲೆಸ್ ಉಕ್ಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು 304, 316 ಅನ್ನು ಕೇಳಿ ಪಡೆಯಬೇಕು. ಅಯಸ್ಕಾಂತದ ಪರೀಕ್ಷೆಯನ್ನು ನಂಬಬೇಡಿ, ತಣ್ಣಗೆ ಒತ್ತಿ ಮಾಡಿದ ಒಳ್ಳೆಯ ಸ್ಟೇನ್‌ಲೆಸ್ ಸ್ಕ್ರೂ ಕೂಡ ಸ್ವಲ್ಪ ಅಂಟುತ್ತದೆ. 316 ಆದರೂ ಗಾಳಿಯಾಡದ ಒದ್ದೆ ಸಂದಿನಲ್ಲಿ ಅದರ ರಕ್ಷಣೆಯ ಪೊರೆ ಉಳಿಯದೆ ಕುಳಿಕುಳಿಯಾಗಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ಪ್ರತಿ ಸ್ಕ್ರೂ ಸೀಲೆಂಟಿನಲ್ಲಿ ಮುಳುಗಿರಬೇಕು. 8 ನಂಬರಿನ, 25 ಮಿ.ಮೀ. ಉದ್ದದ, ಅಡಿ ಚಪ್ಪಟೆಯಿರುವ ತಲೆಯ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ, 75 ತಂದೆವು. ಪಟ್ಟಿಯಲ್ಲಿ ಬಿರಡೆಗಾಗಿ 10 ಮಿ.ಮೀ. ಅಗಲ, 7 ಮಿ.ಮೀ. ಆಳದ ಕುಳಿ. ತಲೆಯಡಿಯಲ್ಲಿ 13 ಮಿ.ಮೀ. ಮರ ಉಳಿಯುತ್ತದೆ, ಫೈಬರಿನ ಎರಡು ಪದರ ಸೇರಿ 7, ಇನ್ನು 5 ಮಿ.ಮೀ. ಮೊನೆ ಒಳಗೆ ಚಾಚುತ್ತದೆ. ಕೈಗೆ, ಹಗ್ಗಕ್ಕೆ ತಾಗುವ ಕಡೆ ಆ ಮೊನೆಯನ್ನು ಕತ್ತರಿಸಿ ಎಪಾಕ್ಸಿಯ ಗುಂಡು ಕೂರಿಸಬೇಕು. ತಲೆಯ ಅಡಿ ಓರೆಯಿರುವ ಸ್ಕ್ರೂ ಬೆಣೆಯಂತೆ ಮರವನ್ನು ಸೀಳುತ್ತದೆ, ಅದಕ್ಕೇ ಚಪ್ಪಟೆಯದು.

ಅಂತರ 15 ಸೆಂ.ಮೀ., ಹಳೆಯ ತೂತುಗಳ ನಡುವೆ ಹೊಸದು ಬರುವ ಹಾಗೆ. ಮರದಲ್ಲಿ ತೂತು 4.5 ಮಿ.ಮೀ., ಸ್ಕ್ರೂ ಸಡಿಲವಾಗಿ ಹಾದುಹೋಗಬೇಕು. ಫೈಬರಿನಲ್ಲಿ 3.3 ಮಿ.ಮೀ. ಫೈಬರ್ ತೂತಿನ ಬಾಯನ್ನು ತುಸು ಅಗಲಿಸದೆ ಸ್ಕ್ರೂ ತಿರುಗಿಸಿದರೆ ಹೊರಮೈಯ ಹೊಳಪು ಪದರವಾದ ಜೆಲ್‌ಕೋಟ್ ನಕ್ಷತ್ರದ ಹಾಗೆ ಬಿರಿಯುತ್ತದೆ. ಡ್ರಿಲ್ಲನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ ಜೆಲ್‌ಕೋಟ್ ಸವೆದ ಮೇಲೆ ಮುಂದಕ್ಕೆ ಕೊರೆಯುವುದು ಒಳ್ಳೆಯ ಅಭ್ಯಾಸ.

ಸೀಲೆಂಟ್ ಹಚ್ಚದೆ ಒಮ್ಮೆ ಪೂರ್ತಿ ಕೂರಿಸಿ ನೋಡಿದೆವು. ಅಳತೆ ಸರಿ ಇದ್ದರೂ ಗೆರೆ ಸರಿ ಇರಬೇಕೆಂದಿಲ್ಲ. ಇಪ್ಪತ್ತು ಹೆಜ್ಜೆ ದೂರ ನಿಂತು, ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದು ನೋಡಿದರೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಗೊತ್ತಾಗುತ್ತದೆ. ಬಿಚ್ಚಿ, ಹಿಂಬದಿ, ತೂತುಗಳ ಒಳಗೋಡೆ ಮತ್ತು ಕುಳಿಗಳಿಗೆ ಎಪಾಕ್ಸಿ ಮೂರು ಸಲ, ಎರಡು ತುದಿಗಳಿಗೆ ಹೀರುವುದು ನಿಲ್ಲುವವರೆಗೆ. ಇದನ್ನು ಸಂಜೆಯ ತಂಪಿಗೆ ಮಾಡಬೇಕು. ಬೆಳಿಗ್ಗೆ ಬಳಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯೇಳುತ್ತದೆ. ಸಂಜೆ ಮರ ತಣಿಯುತ್ತಾ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ಅಂಟುಪೊರೆಯನ್ನು ನೀರು ಹಾಕಿ ಸ್ಕ್ರಬ್ಬರಿನಿಂದ ತೊಳೆದು, ಒಣಗಿದ ಮೇಲೆ ಉಜ್ಜಬೇಕು.

ಸೀಲೆಂಟಿಗೆ ದೋಣಿಗೆಂದೇ ಮಾಡಿದ ಪಾಲಿಯುರೆಥೇನ್, 300 ಮಿ.ಲೀ. ಟ್ಯೂಬ್. 6 ಮಿ.ಮೀ. ದಪ್ಪದ ಎಳೆ ಬಿಟ್ಟರೆ ಒಂದು ಟ್ಯೂಬು ಸುಮಾರು ಹತ್ತೂವರೆ ಮೀಟರ್ ಬರುತ್ತದೆ. ಒಂದು ಬದಿಗೆ ಸ್ಕ್ರೂ ಸಾಲಿನ ಮೇಲೊಂದು, ಕೆಳಗೊಂದು ಎಳೆ, ಎರಡು ಬದಿ ಸೇರಿ 17.8 ಮೀಟರ್. ಎರಡು ಟ್ಯೂಬು ಸಾಕು. ಎಂದೂ ಬಿಚ್ಚಲಾಗದಷ್ಟು ಬಲದ ಅಂಟಿನ ಬಗೆಗಳೂ ಸಿಗುತ್ತವೆ. ಅಂಚುಪಟ್ಟಿಗೆ ಅವು ಬೇಡ, ಮುಂದೊಮ್ಮೆ ಪಟ್ಟಿ ಬದಲಿಸುವಾಗ ಜೆಲ್‌ಕೋಟನ್ನೇ ಕಿತ್ತು ತರುತ್ತವೆ.

ಮೂತಿಯಿಂದ ಶುರು. ಅಲ್ಲಿ ಎರಡು ಸ್ಕ್ರೂ ಹಿಡಿದ ಮೇಲೆ ಉಳಿದ ಉದ್ದವೇ ಸನ್ನೆಯಾಗಿ ಕೆಲಸ ಮಾಡುತ್ತದೆ. ಪ್ರತಿ ತೂತಿಗೂ ಒಂದು ಹನಿ ಸೀಲೆಂಟ್, ಆಮೇಲೆ ಸ್ಕ್ರೂ. ಕೈ ಸ್ಕ್ರೂಡ್ರೈವರಿನಿಂದಲೇ ತಿರುಗಿಸಿ. ಡ್ರಿಲ್ಲಿನಿಂದ ತಿರುಗಿಸಿದರೆ ಫೈಬರಿನ ಎಳೆ ಕಿತ್ತುಹೋಗಿ ಸ್ಕ್ರೂ ಸುಮ್ಮನೆ ಸುತ್ತತೊಡಗುತ್ತದೆ. ಎರಡೂ ಅಂಚಿನಲ್ಲಿ ಸೀಲೆಂಟ್ ಒಂದೇ ಸಮ ಹೊರಬಂದ ಕೂಡಲೇ ನಿಲ್ಲಿಸಬೇಕು. ಒಳಗೆ ಒಂದು ಮಿಲಿಮೀಟರಿನಷ್ಟಾದರೂ ಪದರ ಉಳಿಯಲಿ, ಮರ ಹಿಗ್ಗಿ ಕುಗ್ಗುವಾಗ ಆ ಪದರವೇ ಹಿಗ್ಗಿ ಕುಗ್ಗಿ ನೀರು ತಡೆಯುತ್ತದೆ. ಬಲವಾಗಿ ಬಿಗಿದು ಎಲ್ಲವನ್ನೂ ಹಿಂಡಿದರೆ ಮೊದಲ ಮಳೆಗಾಲದಲ್ಲೇ ಸಂದು. ಮರುದಿನ ಬಂದು ಇನ್ನೊಂದು ಸುತ್ತು ಬಿಗಿಯುವ ಚಾಳಿಯೂ ಕೆಟ್ಟದ್ದು, ಸ್ಕ್ರೂ ಸುತ್ತ ಹಿಡಿದ ಸೀಲೆಂಟ್ ಹರಿಯುತ್ತದೆ. ಹೊರಬಂದದ್ದನ್ನು ಮೇಲಂಚಿನಲ್ಲಿ ಬೆರಳಿನಿಂದ ಸವರಿ ಇಳಿಜಾರು ಮಾಡಿ ಟೇಪ್ ಕಿತ್ತೆವು. ಕೆಳಅಂಚಿನದ್ದನ್ನು ಚೊಕ್ಕವಾಗಿ ತೆಗೆದೆವು.

ಬಿರಡೆಗಳನ್ನು ಅದೇ ಹೆಬ್ಬಲಸಿನ ಉಳಿದ ತುಂಡಿನಿಂದ ಕೊರೆದು, ಎಳೆ ಪಟ್ಟಿಯ ಎಳೆಯ ಜೊತೆ ಹೋಗುವಂತೆ ತಿರುಗಿಸಿ ಬಡಿಯಬೇಕು. ಅಡ್ಡ ಕೂತ ಬಿರಡೆ ಬೇರೆ ರೀತಿ ಹಿಗ್ಗಿ ಸುತ್ತ ಸಂದು ಮಾಡುತ್ತದೆ. ಎಪಾಕ್ಸಿಯಲ್ಲಿ ಅಂಟಿಸದೆ ವಾರ್ನಿಷಿನಲ್ಲಿ ಅದ್ದಿ ಬಡಿದೆವು, ಮುಂದೆ ಬಿಚ್ಚಬೇಕಾದವರಿಗೆ ಅನುಕೂಲ. ಮೇಲೆ ಉಳಿದದ್ದನ್ನು ಉಳಿಯಿಂದ ಒಂದೇ ಏಟಿಗೆ ತೆಗೆಯಲು ಹೋಗಬೇಡಿ, ಎಳೆ ಒಳಗೆ ಇಳಿದಿದ್ದರೆ ಕುಳಿಯವರೆಗೆ ಸೀಳುತ್ತದೆ.

ಮೇಲ್ಮೈಗೆ ಏನು ಬಳಿಯುವುದು? ಈ ಕರಾವಳಿಯ ಮರದ ದೋಣಿಗಳಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಹಳೆಯದು, ಎರಡೂ ಮರವನ್ನು ಉಳಿಸುತ್ತವೆ. ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಸೊನೆಯ ಹಾಗೆಯೇ ಸುಟ್ಟು ಬೊಬ್ಬೆ ಏಳಿಸುತ್ತದೆ. ಹಾಯಿಗೂ ಬಟ್ಟೆಗೂ ಕರಿ ಬಳಿಯುತ್ತದೆ. ಬಿಳಿ ಹಾಯಿ ಪದೇ ಪದೇ ಉಜ್ಜುವ ಅಂಚಿಗೆ ಅದು ಹೊಂದುವುದಿಲ್ಲ ಎಂದು ನಾವು ವಾರ್ನಿಷ್ ಆರಿಸಿಕೊಂಡೆವು. ಮೊದಲ ಬಳಿತಕ್ಕೆ ಅರ್ಧಕ್ಕರ್ಧ ತೆಳುಕಾರಕ, ಆಮೇಲೆ ಐದು ಬಳಿತ, ನಡುವೆ ಒಂದೊಂದು ದಿನದ ಬಿಡುವು, ಪ್ರತಿ ಸಲ 320 ನಂಬರಿನ ಪೇಪರಿನಿಂದ ಹಗುರವಾಗಿ ಉಜ್ಜಿ. ಬಿಸಿಲಿನ ಕಿರಣ ತಡೆಯುವ ಬಗೆಯ ವಾರ್ನಿಷೇ ಬೇಕು, ಎಪಾಕ್ಸಿಗೆ ಬಿಸಿಲು ತಾಗಿದರೆ ಹಳದಿಯಾಗಿ ಪುಡಿಯಾಗುತ್ತದೆ.

ಕೊನೆಗೆ ಪರೀಕ್ಷೆ. ತೇಲುತೊಟ್ಟಿಯ ನೀರು ಬಿಡುವ ತೂತಿಗೆ ಒಂದು ನಳಿಗೆ ಸಿಕ್ಕಿಸಿ, ಸುತ್ತ ಬಟ್ಟೆ ಒತ್ತಿ, ಬಾಯಿಂದಲೇ ಮೆಲ್ಲಗೆ ಊದಿ, ಅಂಚಿನುದ್ದಕ್ಕೂ ಸಾಬೂನು ನೀರು ಬಳಿದೆವು. ಸೈಕಲ್ ಪಂಪು ಹಾಕಬಾರದು, ತೊಟ್ಟಿಯ ಸಂದುಗಳೇ ಬಿಟ್ಟುಹೋಗುತ್ತವೆ. ಎಡಬದಿಯಲ್ಲಿ ಹಿಂದಿನಿಂದ ನಾಲ್ಕನೇ ಸ್ಕ್ರೂವಿನ ಕೆಳಗೆ ಸಣ್ಣ ಗುಳ್ಳೆಯೊಂದು ಎದ್ದಿತು. ಆ ಬಿರಡೆಯನ್ನು ಕೆದಕಿ ಸ್ಕ್ರೂ ತೆಗೆದು ನೋಡಿದರೆ ತೂತಿಗೆ ಸೀಲೆಂಟ್ ಹಾಕುವುದೇ ಬಿಟ್ಟುಹೋಗಿತ್ತು. ತುಂಬಿ, ಮತ್ತೆ ಬಿಗಿದು, ಹೊಸ ಬಿರಡೆ ಬಡಿದು, ಅಲ್ಲಿಗೆ ಮಾತ್ರ ಮತ್ತೆ ಆರು ದಿನ ವಾರ್ನಿಷ್ ಬಳಿದಾಯಿತು.